ಉಲ್ಲೇಖದ ಋಣ

೨೦೧೩ನೆಯ ಇಸವಿ ನವೆಂಬರ್ ೧೬ರಂದು ಭಾರತ ಸರ್ಕಾರವು ಇಬ್ಬರಿಗೆ ಭಾರತರತ್ನ ಪ್ರಶಸ್ತಿಯನ್ನು ಘೋಷಿಸಿತು. ಒಬ್ಬರು ಅದೇ ದಿನ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮ್ಮ ಕೊನೆಯ ಟೆಸ್ಟ್ ಪಂದ್ಯವನ್ನು ಆಡಿ ಮುಗಿಸಿದ ಸಚಿನ್ ತೆಂಡೂಲ್ಕರ್. ಇನ್ನೊಬ್ಬರು ಬೆಂಗಳೂರಿನ ರಸಾಯನವಿಜ್ಞಾನಿ ಪ್ರೊಫೆಸರ್ ಸಿ. ಎನ್. ಆರ್. ರಾವ್. ಕಾಕತಾಳೀಯವೋ ಏನೋ, ಇಬ್ಬರ ಹೆಸರಿನ ಪಕ್ಕದಲ್ಲಿಯೂ ಒಂದೊಂದು ನೂರು ನಿಂತಿತ್ತು. ತೆಂಡೂಲ್ಕರರದು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನೂರು ಶತಕ. ರಾಯರದು ‘ಎಚ್-ಇಂಡೆಕ್ಸ್’ ಎಂಬ ಲೆಕ್ಕದಲ್ಲಿ ನೂರು. ಆ ಮಟ್ಟವನ್ನು ಮುಟ್ಟಿದ ಮೊದಲ ಭಾರತೀಯ ವಿಜ್ಞಾನಿ ಇವರೆಂದು ಅದೇ ವರ್ಷ ಪತ್ರಿಕೆಗಳು ಬರೆದಿದ್ದವು. ಮೊದಲ ನೂರರ ಅರ್ಥ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಮಾರುವ ಹುಡುಗನಿಗೂ ತಿಳಿದಿತ್ತು. ಎರಡನೆಯ ನೂರರ ಅರ್ಥ ಕಾಲೇಜುಗಳಲ್ಲಿ ಪಾಠ ಹೇಳುವ ನಮ್ಮಲ್ಲಿಯೇ ಎಷ್ಟು ಜನಕ್ಕೆ ತಿಳಿದಿತ್ತೋ ಹೇಳಲಾರೆ.

ಕನ್ನಡ ಪಾಠ ಹೇಳುವವನಿಗೆ ಈ ಲೆಕ್ಕದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಆ ನೂರು ಒಬ್ಬರ ವೈಯಕ್ತಿಕ ಗೌರವದ ಮಾತಾಗಿ ಉಳಿದಿಲ್ಲ. ಅದರ ಅಕ್ಕತಂಗಿಯರಾದ ಅಂಕಗಳು ಇಂದು ಊರೂರಿನ ಕಾಲೇಜಿಗೆ ಬಂದಿವೆ. ಅಧ್ಯಾಪಕರ ನೇಮಕ, ಬಡ್ತಿ, ಸಂಸ್ಥೆಯ ಸ್ಥಾನಮಾನ ಎಲ್ಲದರಲ್ಲಿಯೂ ಅವುಗಳಿಗೆ ಒಂದು ಕೈ ಉಂಟು. ಅಲ್ಲದೆ ಉಲ್ಲೇಖವೆಂಬುದು ನಮ್ಮ ಸಾಹಿತ್ಯದ ಮನೆಯ ಮಾತೂ ಹೌದು. ಆದುದರಿಂದ ಈ ಅಂಕ ಎಲ್ಲಿಂದ ಬಂತು, ಏನನ್ನು ಅಳೆಯುತ್ತದೆ, ಏನನ್ನು ಬಿಡುತ್ತದೆ ಎಂದು ನೋಡುವುದು ವ್ಯರ್ಥವಾಗಲಾರದು.

ಮೊದಲು ಲೆಕ್ಕವನ್ನೇ ನೋಡೋಣ. ಒಬ್ಬ ವಿಜ್ಞಾನಿ ಪ್ರಬಂಧವೊಂದನ್ನು ಪ್ರಕಟಿಸುತ್ತಾನೆ. ಅನಂತರ ಅದೇ ವಿಷಯದಲ್ಲಿ ದುಡಿಯುವ ಇನ್ನೊಬ್ಬನು ತನ್ನ ಪ್ರಬಂಧದ ಕೊನೆಯಲ್ಲಿ ‘ಇಂಥವರಿಂದ ಈ ಸಂಗತಿ ತಿಳಿದೆ’ ಎಂದು ಅದನ್ನು ಹೆಸರಿಸುತ್ತಾನೆ. ಇದು ಒಂದು ಉಲ್ಲೇಖ. ಒಬ್ಬರು ಹತ್ತು ಪ್ರಬಂಧ ಬರೆದಿದ್ದಾರೆಂದು ಭಾವಿಸಿರಿ. ಅವುಗಳಿಗೆ ಬಂದ ಉಲ್ಲೇಖಗಳನ್ನು ಹೆಚ್ಚಿನಿಂದ ಕಡಮೆಗೆ ಸಾಲಾಗಿ ಇಟ್ಟರೆ ೩೦, ೧೮, ೯, ೬, ೪, ೩, ೧, ಉಳಿದ ಮೂರಕ್ಕೆ ಸೊನ್ನೆ. ನಾಲ್ಕು ಪ್ರಬಂಧಗಳಿಗೆ ಕಡೆಯ ಪಕ್ಷ ನಾಲ್ಕು ನಾಲ್ಕು ಉಲ್ಲೇಖಗಳಿವೆ. ಐದಕ್ಕೆ ಐದೈದು ಇಲ್ಲ. ಆದುದರಿಂದ ಅವರ ಎಚ್-ಇಂಡೆಕ್ಸ್ ನಾಲ್ಕು. ಈ ಸೂತ್ರವನ್ನು ೨೦೦೫ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಹರ್ಷ್ ಎಂಬವರು ಸೂಚಿಸಿದರು. ನೂರು ಎಂದರೆ ನೂರು ಪ್ರಬಂಧಗಳು, ಒಂದೊಂದಕ್ಕೂ ಕಡೆಯ ಪಕ್ಷ ನೂರು ಉಲ್ಲೇಖಗಳು. ಹೀಗೆ ಬಿಡಿಸಿ ಹೇಳಿದಾಗ ರಾಯರ ನೂರು ಸಾಮಾನ್ಯವಾದುದಲ್ಲವೆಂಬುದು ತಿಳಿಯುತ್ತದೆ.

ಆದರೆ ಆ ಅಂಕದ ಹಿಂದೆ ಇರುವ ಮನುಷ್ಯರನ್ನು ಅಂಕ ಹೇಳುವುದಿಲ್ಲ. ರಾಯರು ೧೯೩೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿ, ಕಾಶಿಯಲ್ಲಿ ಎಂ. ಎಸ್‌ಸಿ. ಮುಗಿಸಿ, ೧೯೫೮ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿಯೇ ನಿಲ್ಲಬಹುದಾಗಿದ್ದವರು ೧೯೫೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಮರಳಿದರು. ೧೯೬೩ರಲ್ಲಿ ಕಾನ್ಪುರದ ಐ. ಐ. ಟಿ.; ೧೯೭೬ರಲ್ಲಿ ಮತ್ತೆ ಬೆಂಗಳೂರು. ಅಲ್ಲಿ ಘನವಸ್ತುಗಳ ರಸಾಯನಕ್ಕೆ ಮೀಸಲಾದ ಒಂದು ವಿಭಾಗವನ್ನು ಕಟ್ಟಿದರು. ೧೯೮೪ರಿಂದ ೧೯೯೪ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು. ಈ ನಡುವೆ ೧೯೮೯ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಭಾರತರತ್ನದ ಪ್ರಕಟನೆಯಲ್ಲಿ ಅವರ ಸಂಶೋಧನ ಪ್ರಬಂಧಗಳು ೧,೪೦೦ಕ್ಕೂ ಹೆಚ್ಚು, ಪುಸ್ತಕಗಳು ೪೫ ಎಂದು ಹೇಳಿತ್ತು. ಇಷ್ಟು ಬರಹ ಒಬ್ಬರ ಎರಡು ಕೈಗಳಿಂದ ಆಗುವಂಥದಲ್ಲ. ಅರ್ಧ ಶತಮಾನಕ್ಕೂ ಮೀರಿ ಅವರ ಪ್ರಯೋಗಶಾಲೆಯಲ್ಲಿ ದುಡಿದು ಹೋದ ಶಿಷ್ಯರ, ಜೊತೆಗಾರರ ಒಂದು ದೊಡ್ಡ ಮನೆತನವೇ ಆ ನೂರರೊಳಗೆ ಅಡಗಿದೆ.

ಅವರ ಶಾಸ್ತ್ರವನ್ನು ವಸ್ತುವಿಜ್ಞಾನವೆನ್ನುತ್ತಾರೆ. ಒಂದು ಘನವಸ್ತು ಹಾಗೇಕೆ ವರ್ತಿಸುತ್ತದೆ, ಅದರೊಳಗಿನ ಕಣಗಳ ಜೋಡಣೆಯನ್ನು ಬದಲಿಸಿದರೆ ಅದರ ಗುಣ ಹೇಗೆ ಬದಲಾಗುತ್ತದೆ ಎಂಬುದೇ ಅದರ ಪ್ರಶ್ನೆ. ಲೋಹಗಳ ಆಕ್ಸೈಡುಗಳೆಂಬ ಸಂಯುಕ್ತಗಳನ್ನು ರಾಯರು, ಅವು ಇನ್ನೂ ಫ್ಯಾಷನ್ನಾಗದಿದ್ದ ಕಾಲದಲ್ಲಿ, ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. ಲ್ಯಾಂಥನಮ್ ಮತ್ತು ತಾಮ್ರ ಸೇರಿದ ಆಕ್ಸೈಡು ಅವುಗಳಲ್ಲಿ ಒಂದು. ೧೯೮೬ರಲ್ಲಿ ಜ್ಯೂರಿಕ್ಕಿನ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಎಂಬ ಇಬ್ಬರು, ಇದೇ ಕುಲದ ಆಕ್ಸೈಡಿಗೆ ಬೇರಿಯಮ್ ಬೆರೆಸಿದಾಗ ಅದು ಅಲ್ಲಿಯವರೆಗೆ ಯಾರೂ ನಿರೀಕ್ಷಿಸದಷ್ಟು ಮೇಲಿನ ಉಷ್ಣತೆಯಲ್ಲಿಯೇ ತಡೆಯಿಲ್ಲದೆ ವಿದ್ಯುತ್ತನ್ನು ಹರಿಯಬಿಡುತ್ತದೆಂದು ಕಂಡುಹಿಡಿದರು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಿಕ ಬಂತು. ಆ ಸುದ್ದಿಯ ಬೆನ್ನಲ್ಲೇ, ೧೯೮೭ರಲ್ಲಿ, ಇಟ್ರಿಯಮ್ ಬೇರಿಯಮ್ ತಾಮ್ರಗಳ ಆಕ್ಸೈಡಿನಲ್ಲಿ ಈ ಗುಣ ಯಾವ ಭಾಗಕ್ಕೆ ಸೇರಿದ್ದೆಂದು ಗುರುತಿಸಿದವರಲ್ಲಿ ರಾಯರ ತಂಡವೂ ಒಂದು. ಬೆಂಗಳೂರಿನಲ್ಲಿ ಅಷ್ಟು ಬೇಗ ಆ ಕೆಲಸ ಆದದ್ದು ಅದೃಷ್ಟದಿಂದಲ್ಲ. ಯಾರೂ ಎಣಿಸದಿದ್ದ ವರ್ಷಗಳಲ್ಲಿ ಮಾಡಿದ ಸಿದ್ಧತೆಯಿಂದ.

ಇನ್ನು ಉಲ್ಲೇಖಗಳನ್ನು ಎಣಿಸುವ ಪದ್ಧತಿಯ ಚರಿತ್ರೆಗೆ ಬರೋಣ. ಅದು ಬಹಳ ಸ್ವಾರಸ್ಯವಾದುದು. ೧೯೨೭ರಲ್ಲಿ ಕ್ಯಾಲಿಫೋರ್ನಿಯದ ಪೊಮೋನ ಎಂಬ ಒಂದು ಸಣ್ಣ ಕಾಲೇಜಿನಲ್ಲಿ ಗ್ರಾಸ್ ಎಂಬ ಹೆಸರಿನ ಇಬ್ಬರು ಒಂದು ಗೃಹಕೃತ್ಯದ ಪ್ರಶ್ನೆಯನ್ನು ಹಾಕಿಕೊಂಡರು. ಕಾಲೇಜಿನ ಹಣ ಕಡಮೆ. ರಸಾಯನಶಾಸ್ತ್ರದ ಪತ್ರಿಕೆಗಳು ಹಲವಾರು. ವಿದ್ಯಾರ್ಥಿಗಳಿಗಾಗಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು? ಅವರು ಅಮೆರಿಕದ ಪ್ರಮುಖ ರಸಾಯನಶಾಸ್ತ್ರ ಪತ್ರಿಕೆಯ ಒಂದು ವರ್ಷದ ಸಂಪುಟವನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಯಾವ ಯಾವ ಪತ್ರಿಕೆ ಎಷ್ಟೆಷ್ಟು ಸಲ ಉಲ್ಲೇಖವಾಗಿದೆಯೆಂದು ಎಣಿಸಿದರು. ಹೆಚ್ಚು ಉಲ್ಲೇಖವಾದುದನ್ನು ಮೊದಲು ಕೊಳ್ಳಬಹುದು, ಅಷ್ಟೇ. ಎಣಿಕೆ ಹುಟ್ಟಿದ್ದು ಬಡ ಕಾಲೇಜೊಂದರ ವಾಚನಾಲಯಕ್ಕೆ ನೆರವಾಗಲೆಂದು. ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರು ೧೯೪೮ರಲ್ಲಿ ಗ್ರಂಥಾಲಯದ ಕೆಲಸಕ್ಕೆ ಅಂಕಿಅಂಶಗಳ ಶಾಸ್ತ್ರವೊಂದು ಬೇಕೆಂದು ಸೂಚಿಸಿದಾಗಲೂ, ಮುಂದೆ ೧೯೬೨ರಲ್ಲಿ ಬೆಂಗಳೂರಿನಲ್ಲಿ ದಾಖಲೆಶಾಸ್ತ್ರದ ಶಿಕ್ಷಣಕೇಂದ್ರವನ್ನು ತೆರೆದಾಗಲೂ ಅವರ ಕಣ್ಣಿದ್ದುದು ಓದುಗನ ಮೇಲೆ.

ಎಣಿಕೆಯನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್. ಅವರಿಗೆ ಮಾದರಿ ಸಿಕ್ಕಿದ್ದು ಪ್ರಯೋಗಶಾಲೆಯಲ್ಲಲ್ಲ, ನ್ಯಾಯಾಲಯದಲ್ಲಿ. ೧೮೭೩ರಿಂದ ಷೆಪರ್ಡ್ ಎಂಬವರು ಷಿಕಾಗೋ ನಗರದಲ್ಲಿ ವಕೀಲರಿಗಾಗಿ ಒಂದು ಸೂಚಿಯನ್ನು ಅಚ್ಚುಹಾಕುತ್ತಿದ್ದರು. ಒಂದು ಹಳೆಯ ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳಲ್ಲಿ ಎತ್ತಿ ಆಡಿದ್ದಾರೆ, ಒಪ್ಪಿದ್ದಾರೆಯೋ ತಳ್ಳಿದ್ದಾರೆಯೋ ಎಂಬುದು ಅದರಲ್ಲಿ ಸಿಕ್ಕುತ್ತಿತ್ತು. ವಿಜ್ಞಾನಕ್ಕೂ ಇಂಥದೊಂದು ಬೇಕೆಂದು ಗಾರ್‌ಫೀಲ್ಡ್ ೧೯೫೫ರಲ್ಲಿ ಬರೆದರು. ೧೯೬೩ರಲ್ಲಿ ಹೊರಬಂದ ಅವರ ಮೊದಲ ಸೂಚಿ ೬೧೩ ಪತ್ರಿಕೆಗಳಿಂದ ಆಯ್ದ ೧೪ ಲಕ್ಷ ಉಲ್ಲೇಖಗಳನ್ನು ಹೊಂದಿತ್ತು. ಅದೂ ಹುಡುಕುವವನಿಗಾಗಿ ಮಾಡಿದ ದಾರಿದೀಪ. ಒಂದು ಪ್ರಬಂಧವನ್ನು ಹಿಡಿದರೆ ಅದರಿಂದ ಮುಂದೆ ಹೊರಟ ಕವಲುಗಳೆಲ್ಲ ಕಾಣಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ಹುಡುಕುವುದಕ್ಕಾಗಿ ಮಾಡಿದ ದೀಪವನ್ನು ಜನ ತೂಗುವ ತಕ್ಕಡಿಯಾಗಿ ಮಾಡಿಕೊಂಡದ್ದು ಅನಂತರದ ಮಾತು.

ಉಲ್ಲೇಖಸೂಚಿಯ ತವರು ನ್ಯಾಯಾಲಯವೆಂದು ಓದಿದಾಗ ನನ್ನ ಮನಸ್ಸು ಷಿಕಾಗೋದಿಂದ ನೇರವಾಗಿ ನಮ್ಮ ಜಿಲ್ಲೆಗೆ ಬಂತು. ಕಲಬುರಗಿಯಿಂದ ಶಹಾಬಾದಿನ ಕಡೆಗೆ ಹೋದರೆ ಮರತೂರು ಎಂಬ ಗ್ರಾಮ ಸಿಕ್ಕುತ್ತದೆ. ‘ಮಿತಾಕ್ಷರ’ವನ್ನು ಬರೆದ ವಿಜ್ಞಾನೇಶ್ವರನ ಊರೆಂದು ಅದಕ್ಕೆ ಹೆಸರು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ, ಎಂದರೆ ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡರ ಮೊದಲಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ವ್ಯಾಖ್ಯಾನ ಅದು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅವನ ಮತ. ಬಂಗಾಳದ ಕಡೆ ದಾಯಭಾಗವು ನಿಂತರೆ, ದೇಶದ ಉಳಿದ ಬಹುಭಾಗದಲ್ಲಿ ಮಿತಾಕ್ಷರವೇ ಪ್ರಮಾಣವಾಯಿತು. ೧೮೧೦ರಲ್ಲಿ ಕೋಲ್‌ಬ್ರೂಕ್ ಅದರ ದಾಯಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಇಂಗ್ಲಿಷ್ ನ್ಯಾಯಾಧೀಶರೂ ಅದನ್ನು ಎತ್ತಿ ಆಡತೊಡಗಿದರು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಮಿತಾಕ್ಷರವೆಂಬ ಹೆಸರೇ ಅಚ್ಚಾಗಿದೆ. ೨೦೦೫ರಲ್ಲಿ ಪಾರ್ಲಿಮೆಂಟು ಆ ಕಾಯಿದೆಯನ್ನು ತಿದ್ದಿ, ಮಿತಾಕ್ಷರಕ್ಕೆ ಒಳಪಟ್ಟ ಕುಟುಂಬದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕೆಂದು ವಿಧಿಸಿತು. ೨೦೨೦ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕನ್ನು ಗಟ್ಟಿಮಾಡಿತು. ಒಂಬೈನೂರು ವರ್ಷ ನಿಂತ ಉಲ್ಲೇಖ ಇದು. ಆದರೂ ಹರ್ಷರ ಸೂತ್ರವನ್ನು ಹಚ್ಚಿ ನೋಡಿರಿ. ವಿಜ್ಞಾನೇಶ್ವರನ ಕೀರ್ತಿಯೆಲ್ಲ ಒಂದೇ ಗ್ರಂಥದ ಮೇಲೆ ನಿಂತಿದೆ. ಆ ಗ್ರಂಥವನ್ನು ಒಂದು ಲಕ್ಷ ಸಲ ಉಲ್ಲೇಖಿಸಿದರೂ ಅವನ ಎಚ್-ಇಂಡೆಕ್ಸ್ ಒಂದನ್ನು ದಾಟದು!

ಮಿತಾಕ್ಷರ ಇನ್ನೊಂದು ಪಾಠವನ್ನೂ ಹೇಳುತ್ತದೆ. ಮಕ್ಕಳಿಲ್ಲದೆ ತೀರಿಹೋದ, ಪಾಲಾಗಿ ಬೇರೆಯಿದ್ದವನ ಆಸ್ತಿ ಹೆಂಡತಿಗೆ ಸಲ್ಲುವುದೋ ಎಂಬ ಚರ್ಚೆಯಲ್ಲಿ ವಿಜ್ಞಾನೇಶ್ವರನು ಧಾರೇಶ್ವರನೆಂಬ ಹಿಂದಿನ ಆಚಾರ್ಯನ ಮತವನ್ನು ಹೆಸರು ಹೇಳಿ ಎತ್ತಿಕೊಳ್ಳುತ್ತಾನೆ. ನಿಯೋಗಕ್ಕೆ ಒಪ್ಪಿದ ವಿಧವೆಗೆ ಮಾತ್ರ ಆ ಹಕ್ಕೆಂದು ಧಾರೇಶ್ವರನ ಪಕ್ಷ. ಎತ್ತಿಕೊಂಡು ಅದನ್ನು ಖಂಡಿಸಿ, ಪತಿವ್ರತೆಯಾದ ಹೆಂಡತಿಗೇ ಸಮಸ್ತವೂ ಸಲ್ಲತಕ್ಕದ್ದೆಂದು ತೀರ್ಮಾನಿಸುತ್ತಾನೆ. ಎಣಿಸುವ ಯಂತ್ರಕ್ಕೆ ಇದು ಧಾರೇಶ್ವರನ ಲೆಕ್ಕಕ್ಕೆ ಸೇರಿದ ಒಂದು ಉಲ್ಲೇಖ. ಓದುವವನಿಗೆ ಅದು ಅವನ ಸೋಲು. ಒಪ್ಪಿ ಹೇಳಿದ್ದೋ ಅಲ್ಲಗಳೆದು ಹೇಳಿದ್ದೋ ಎಂಬುದು ವಾಕ್ಯವನ್ನು ಓದಿದರೆ ಮಾತ್ರ ತಿಳಿಯುತ್ತದೆ. ಷೆಪರ್ಡನ ವಕೀಲಿ ಸೂಚಿ ಈ ಭೇದವನ್ನು ಕಾದಿತ್ತು. ಅದರಿಂದ ಹುಟ್ಟಿದ ಅಂಕ ಅದನ್ನು ಕೈಬಿಟ್ಟಿತು.

ನಮ್ಮ ಸಾಹಿತ್ಯದಲ್ಲಿಯೂ ಉಲ್ಲೇಖದ ಬೆಲೆ ಎಷ್ಟೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಡದ ಆ ರಾಜಧಾನಿಯಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಸುಮಾರು ೮೫೦ರಲ್ಲಿ ಕವಿರಾಜಮಾರ್ಗ ಹುಟ್ಟಿತು. ಅದರಲ್ಲಿ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರ ಹೆಸರುಗಳು ಬರುತ್ತವೆ. ಅವರು ಬರೆದ ಕನ್ನಡ ಗದ್ಯದ ಒಂದು ಹಾಳೆಯೂ ಇಂದು ನಮ್ಮ ಕೈಯಲ್ಲಿ ಇಲ್ಲ. ಅದೇ ರೀತಿ ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಗಜಗ, ಗುಣನಂದಿ, ಮನಸಿಜ ಎಂಬ ಕವಿಗಳ ದಾರಿಯನ್ನು ತಾನು ಹಿಡಿದೆನೆಂದು ಹೇಳಿಕೊಳ್ಳುತ್ತಾನೆ. ಅವರ ಕೃತಿಗಳೂ ಕಾಲನ ಪಾಲಾಗಿವೆ. ಗೆದ್ದಲು ತಿಂದದ್ದನ್ನು ಒಂದು ಸಾಲಿನ ಉಲ್ಲೇಖ ಉಳಿಸಿಕೊಟ್ಟಿದೆ. ಹಿಂದಿನವರನ್ನು ನೆನೆಯುವ ನಮ್ಮ ಕವಿಗಳ ಪದ್ಧತಿಯನ್ನು ಶಿಷ್ಟಾಚಾರವೆಂದು ಪರೀಕ್ಷೆಯ ಟಿಪ್ಪಣಿಗಳಲ್ಲಿ ಬರೆದು ಮುಗಿಸುತ್ತೇವೆ. ಅದು ಋಣವನ್ನು ಒಪ್ಪಿಕೊಳ್ಳುವ ಮಾತು. ‘ಇವರಿಂದ ಕಡ ತಂದಿದ್ದೇನೆ’ ಎಂದು ಹತ್ತು ಜನದ ಮುಂದೆ ಹೇಳುವುದು. ವಿಜ್ಞಾನದ ಪ್ರಬಂಧದ ಕೊನೆಯ ಪಟ್ಟಿಯೂ ಮೂಲದಲ್ಲಿ ಇಷ್ಟೇ.

ಋಣದ ಪಟ್ಟಿಯನ್ನು ಯೋಗ್ಯತೆಯ ಪಟ್ಟಿಯಾಗಿ ಓದಿದರೆ ಏನಾಗುತ್ತದೆಂಬುದಕ್ಕೆ ವಿಜ್ಞಾನದ ಲೋಕದಲ್ಲಿಯೇ ದೃಷ್ಟಾಂತಗಳಿವೆ. ೨೦೧೪ರಲ್ಲಿ ‘ನೇಚರ್’ ಪತ್ರಿಕೆ ಅತ್ಯಂತ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿಯನ್ನು ಪ್ರಕಟಿಸಿತು. ಮೊದಲ ಸ್ಥಾನದಲ್ಲಿದ್ದುದು ೧೯೫೧ರಲ್ಲಿ ಲೌರಿ ಮತ್ತು ಸಂಗಡಿಗರು ಬರೆದ, ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆಯೆಂದು ಅಳೆಯುವ ವಿಧಾನ. ಅದಕ್ಕೆ ಮೂರು ಲಕ್ಷಕ್ಕೂ ಮಿಕ್ಕಿದ ಉಲ್ಲೇಖಗಳು. ಅದು ದೊಡ್ಡ ಪ್ರಬಂಧವೇನೂ ಅಲ್ಲವೆಂದು ಲೌರಿಯವರೇ ಒಪ್ಪಿದ್ದರು. ಜೀವದ ಗುಟ್ಟನ್ನೇ ತೆರೆದ ವಾಟ್ಸನ್ ಮತ್ತು ಕ್ರಿಕ್ಕರ ೧೯೫೩ರ ಡಿ. ಎನ್. ಎ. ಪ್ರಬಂಧ ಆ ನೂರರಲ್ಲಿ ಇರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಸುತ್ತಿಗೆ ಎಲ್ಲ ಬಡಗಿಗೂ ಬೇಕು, ಸುತ್ತಿಗೆಯ ಹೆಸರು ಎಲ್ಲರ ಬಾಯಲ್ಲಿಯೂ ಬರುತ್ತದೆ. ದೊಡ್ಡ ಸತ್ಯವಾದರೋ ಸ್ವಲ್ಪ ದಿನದಲ್ಲಿ ಎಲ್ಲರ ಸೊತ್ತಾಗಿ, ಯಾರಿಂದ ಬಂತೆಂದು ಹೇಳುವುದನ್ನೇ ಜನ ಬಿಡುತ್ತಾರೆ. ೧೯೬೪ರಲ್ಲಿ ಹೊಸ ಕಣವೊಂದನ್ನು ಊಹಿಸಿದ ಪೀಟರ್ ಹಿಗ್ಸ್ ಅವರು ಅನಂತರ ಬರೆದ ಪ್ರಬಂಧಗಳು ಹತ್ತಕ್ಕೂ ಕಡಮೆ. ೨೦೧೩ರಲ್ಲಿ, ನೊಬೆಲ್ ಬಂದ ವರ್ಷ, ಇಂದಿನ ಪದ್ಧತಿಯಲ್ಲಾಗಿದ್ದರೆ ತಮಗೆ ಯಾರೂ ಕೆಲಸ ಕೊಡುತ್ತಿರಲಿಲ್ಲವೆಂದು ಅವರು ಹೇಳಿದರು.

ಇಲ್ಲಿ ನನಗೆ ಕಮಲಾಪುರದ ನೆನಪಾಗುತ್ತದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಈ ಊರು ಕೆಂಪು ಬಾಳೆಗೆ ಹೆಸರಾದುದು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದು ಬೇರೆ ಬಾಳೆಗಳಂತೆ ವರ್ಷದೊಳಗೆ ಗೊನೆ ಕೊಟ್ಟು ಮುಗಿಸುವುದಲ್ಲ. ಇನ್ನೂ ಕೆಲವು ತಿಂಗಳು ಹೆಚ್ಚು ಕಾಯಿಸುತ್ತದೆ. ವರ್ಷದ ಕೊನೆಗೆ ತೋಟಕ್ಕೆ ಬಂದು ಗೊನೆ ಎಣಿಸಿ ಹೋಗುವ ಅಧಿಕಾರಿಯಿದ್ದರೆ ಅವನ ಪುಸ್ತಕದಲ್ಲಿ ಕೆಂಪು ಬಾಳೆಯ ಎದುರು ಸೊನ್ನೆ ಬೀಳುತ್ತಿತ್ತು. ತೋಟಿಗರು ಅಂಥ ಲೆಕ್ಕವನ್ನು ನಂಬಿದ್ದರೆ ಆ ತಳಿ ಇಷ್ಟು ಹೊತ್ತಿಗೆ ಕಾಣೆಯಾಗುತ್ತಿತ್ತು.

ಆ ಊರಿನ ಕಡೆಯ ಸ್ನೇಹಿತರೊಬ್ಬರು ನನಗಿದ್ದಾರೆ. ವಸ್ತುವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಒಂದು ಸಣ್ಣ ಊರಿನ ಪದವಿ ಕಾಲೇಜಿನಲ್ಲಿ ಪಾಠ ಹೇಳುವವರು. ಕಲಬುರಗಿಯ ವಿಶ್ವವಿದ್ಯಾನಿಲಯದಲ್ಲಿ ವಸ್ತುವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವಿದೆ. ವಿದ್ಯುತ್ತನ್ನು ಹರಿಯಬಿಡುವ ಪಾಲಿಅನಿಲೀನ್ ಎಂಬ ಪ್ಲಾಸ್ಟಿಕ್ ಜಾತಿಯ ವಸ್ತುವಿಗೆ ಲೋಹದ ಆಕ್ಸೈಡುಗಳನ್ನು ಬೆರೆಸಿ ಅದರ ಗುಣಗಳನ್ನು ಪರೀಕ್ಷಿಸುವ ಕೆಲಸ ಅಲ್ಲಿ ಬಹಳ ನಡೆದಿದೆ. ನನ್ನ ಸ್ನೇಹಿತರೂ ಅದೇ ಜಾಡಿನವರು. ಪುಡಿಯನ್ನು ಇಲ್ಲಿ ತಯಾರಿಸುತ್ತಾರೆ. ಕ್ಷಕಿರಣದ ಪರೀಕ್ಷೆಗೆ ಬೇರೆ ನಗರಕ್ಕೆ ಕಳುಹಿಸಿ ತಿಂಗಳುಗಟ್ಟಲೆ ಕಾಯುತ್ತಾರೆ. ಒಮ್ಮೆ ನಾನು ರಾಯರ ನೂರರ ಮಾತೆತ್ತಿದಾಗ ಅವರು ನಕ್ಕು, “ಸರ, ಅವರದು ಹೊಳಿ, ನಮ್ಮದು ಕೊಡ. ಅದರಾಗ ನನಗೇನೂ ಬ್ಯಾಸರ ಇಲ್ರಿ. ಆದರ ಹೊಳಿ ಅಳಿಯೋ ಕೋಲು ತಂದು ಕೊಡದಾಗ ಇಳಿಸಿ, ನೀರೇ ಇಲ್ಲ ಅಂತಾರಲ್ರಿ, ಅದಕ್ಕ ಏನಂಬೋದು?” ಎಂದರು. ಇದಕ್ಕೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ.

ಅವರ ತರಗತಿಗೆ ಬರುವ ಹುಡುಗ ಹುಡುಗಿಯರು ಹನ್ನೆರಡನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು ಅನೇಕ. ಅವರಿಗೆ ಸ್ಫಟಿಕದ ರಚನೆಯನ್ನು ತಿಳಿಸಲು ಈ ಮನುಷ್ಯ ಶಹಾಬಾದ್ ಕಲ್ಲಿನ ಪದರಗಳಿಂದ ಆರಂಭಿಸುತ್ತಾರೆ. ಮನೆಯ ನೆಲಕ್ಕೆ ಹಾಸಿದ ಆ ಕಲ್ಲನ್ನು ನೋಡದ ವಿದ್ಯಾರ್ಥಿ ನಮ್ಮ ಕಡೆ ಇಲ್ಲ. ಅಲ್ಲಿಂದ ಬೀದರಿನ ಬಿದರಿ ಪಾತ್ರೆಗೆ ಹೋಗುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕಹೊಯ್ದು, ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಹಚ್ಚಿದರೆ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಂದೇ ಮಣ್ಣು ಎರಡು ಲೋಹಗಳನ್ನು ಎರಡು ಬಗೆಯಾಗಿ ಕಾಣುವುದೇಕೆ ಎಂಬ ಪ್ರಶ್ನೆಯೇ ವಸ್ತುವಿಜ್ಞಾನದ ಬಾಗಿಲು. ಶತಮಾನಗಳ ಹಿಂದೆ ಇದನ್ನು ಕಂಡುಕೊಂಡ ಕುಶಲಿಗಳ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವರ ವಿದ್ಯೆ ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಾಗಿರ್ದನಿಗೆ ಬಂತು. ಅಧ್ಯಾಪಕನ ವಿದ್ಯೆಯೂ ಬಹುಪಾಲು ಹಾಗೆಯೇ ದಾಟುವುದು. ಅದಕ್ಕೆ ಅಡಿಟಿಪ್ಪಣಿ ಬರೆಯುವವರು ಯಾರು?

ಅಂಕದ ಆಸೆ ಸಣ್ಣ ಕಾಲೇಜುಗಳಿಗೆ ತಂದ ಅನರ್ಥವೂ ಸಣ್ಣದಲ್ಲ. ೨೦೧೦ರಲ್ಲಿ ವಿಶ್ವವಿದ್ಯಾನಿಲಯಗಳ ಧನಸಹಾಯ ಆಯೋಗವು ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯೊಂದನ್ನು ಜಾರಿಗೆ ತಂದಿತು. ಪ್ರಕಟವಾದ ಪ್ರಬಂಧಕ್ಕೆ ಇಷ್ಟು, ಪತ್ರಿಕೆಯ ಪ್ರಭಾವ ದೊಡ್ಡದಾದರೆ ಇನ್ನಷ್ಟು ಎಂದಾಯಿತು. ಉದ್ದೇಶ ಒಳ್ಳೆಯದೇ, ಶಿಫಾರಸಿನ ಬದಲು ಒಂದು ಕಟ್ಟಳೆ ಇರಲಿ ಎಂಬುದು. ಆದರೆ ಪ್ರಬಂಧಕ್ಕೆ ಬೇಡಿಕೆ ಹುಟ್ಟಿದೊಡನೆ ಪ್ರಬಂಧದ ಅಂಗಡಿಗಳೂ ಹುಟ್ಟಿದವು. ಹಣ ಕಟ್ಟಿದವರ ಬರಹವನ್ನು ಓದದೆಯೇ ಅಚ್ಚುಹಾಕುವ ಪತ್ರಿಕೆಗಳು ಎದ್ದವು. ೨೦೧೮ರ ಮೇ ತಿಂಗಳಲ್ಲಿ ಆಯೋಗವೇ ತನ್ನ ಒಪ್ಪಿಗೆಯ ಪಟ್ಟಿಯಿಂದ ೪,೩೦೫ ಪತ್ರಿಕೆಗಳನ್ನು ಕಿತ್ತುಹಾಕಿತು. ಅದೇ ವರ್ಷ ಕಾಲೇಜು ಅಧ್ಯಾಪಕರ ಮಟ್ಟಿಗೆ ಹಳೆಯ ಅಂಕಪದ್ಧತಿಯನ್ನು ಸಡಿಲಿಸಿತು. ೨೦೧೯ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂತು. ೨೦೨೫ರಲ್ಲಿ ಅದನ್ನೂ ಕೈಬಿಟ್ಟರು. ಹದಿನೈದು ವರ್ಷ ಮಾಪಕವನ್ನು ತಿದ್ದುವುದರಲ್ಲಿಯೇ ಹೋಯಿತು. ಈ ನಡುವೆ ಸುಮ್ಮನೆ ಕುಳಿತು ಒಳ್ಳೆಯ ಪಾಠ ಹೇಳಿದವರು ಹಿಂದೆ ಬಿದ್ದರು.

ಕನ್ನಡದ ಮಾತಂತೂ ಹೇಳುವಂತೆಯೇ ಇಲ್ಲ. ಪ್ರಪಂಚದ ಉಲ್ಲೇಖಸೂಚಿಗಳು ಮುಖ್ಯವಾಗಿ ಇಂಗ್ಲಿಷನ್ನು ಬಲ್ಲವು. ನನ್ನ ಸ್ನೇಹಿತರು ಪಾಲಿಅನಿಲೀನಿನ ಮೇಲೆ ತಿಳಿಗನ್ನಡದಲ್ಲಿ ಒಂದು ಪುಸ್ತಕ ಬರೆದು, ಅದನ್ನು ಓದಿ ಹತ್ತು ಹುಡುಗರು ವಿಜ್ಞಾನಕ್ಕೆ ಬಂದರೂ, ಸೂಚಿಯ ಕಣ್ಣಿಗೆ ಅದು ನಡೆಯದ ಸಂಗತಿ. ಕಾಲೇಜೊಂದರಲ್ಲಿ ಬಡ್ತಿಯ ಅರ್ಜಿ ತುಂಬುವಾಗ ಇಂಥದೇ ಒಂದು ಖಾನೆಯ ಮುಂದೆ ನಾನೂ ಕುಳಿತಿದ್ದೆ. ಹಳಗನ್ನಡದ ಪದವೊಂದರ ಅರ್ಥವನ್ನು ಕುರಿತು ಬರೆದ ಲೇಖನಕ್ಕೆ ‘ಅಂತರರಾಷ್ಟ್ರೀಯ ಉಲ್ಲೇಖಗಳ ಸಂಖ್ಯೆ’ ಎಷ್ಟೆಂದು ಅದು ಕೇಳುತ್ತಿತ್ತು. ಅರ್ಜಿಯನ್ನು ಪರಿಶೀಲಿಸಿದವರಲ್ಲಿ ಯಾರೂ ಲೇಖನವನ್ನು ಕೇಳಲಿಲ್ಲ. ಖಾನೆ ತುಂಬಿದೆಯೇ ಎಂದಷ್ಟೇ ನೋಡಿದರು.

ಹಾಗಾದರೆ ಎಣಿಕೆಯೇ ಬೇಡವೆ? ಹಾಗೆನ್ನುವುದು ಅವಿವೇಕ. ಎಣಿಕೆ ಇಲ್ಲದ ಕಾಲದಲ್ಲಿ ಜಾತಿ, ಕುಲ, ಪರಿಚಯಗಳು ಎಣಿಕೆಯ ಸ್ಥಾನದಲ್ಲಿ ಕುಳಿತಿದ್ದುದನ್ನು ಬಲ್ಲೆವು. ರಾಯರಂಥವರ ವಿಷಯದಲ್ಲಿ ಅಂಕ ಸುಳ್ಳನ್ನೂ ಹೇಳುತ್ತಿಲ್ಲ; ಲೋಕದ ಎಷ್ಟು ಪ್ರಯೋಗಶಾಲೆಗಳು ಬೆಂಗಳೂರಿನ ಋಣವನ್ನು ಒಪ್ಪಿಕೊಂಡಿವೆಯೆಂದು ಅದು ಸಾರುತ್ತದೆ. ಅದು ನಮಗೆಲ್ಲ ಹೆಮ್ಮೆಯ ಮಾತು. ಆದರೆ ಅಂಕ ದಾರಿ ತೋರಿಸಿದ ಮೇಲೆ ನಡೆಯಬೇಕಾದವರು ನಾವು. ೨೦೧೨ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಒಂದು ಘೋಷಣೆಯನ್ನು ರೂಪಿಸಿದರು. ಪ್ರಬಂಧವು ಯ���ವ ಪತ್ರಿಕೆಯಲ್ಲಿ ಬಂತೆಂಬುದರ ಅಂಕದಿಂದ ಮನುಷ್ಯನನ್ನು ಅಳೆಯಬೇಡಿ, ಅದರೊಳಗೆ ಏನಿದೆಯೆಂದು ನೋಡಿ ಎಂಬುದೇ ಅದರ ತಿರುಳು. ಲೋಕದ ಅನೇಕ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಸಹಿ ಹಾಕುವುದು ಸುಲಭ. ಓದುವುದಕ್ಕೆ ಹೊತ್ತು ಬೇಕು.

ನನ್ನ ಸಲಹೆ ಸಣ್ಣದು. ಅಧ್ಯಾಪಕನನ್ನು ಆರಿಸುವವರು ಅವನಿಂದ ಇಪ್ಪತ್ತು ಪ್ರಬಂಧಗಳ ಪಟ್ಟಿಯನ್ನು ಕೇಳುವ ಬದಲು ಅವನೇ ಆರಿಸಿಕೊಟ್ಟ ಎರಡನ್ನು ಕೇಳಿ, ವಿಷಯ ಬಲ್ಲವರೊಬ್ಬರಿಂದ ಓದಿಸಲಿ. ಅವು ಕನ್ನಡದಲ್ಲಿದ್ದರೆ ಕನ್ನಡ ಬಲ್ಲವರು ಓದಲಿ. ಅವನಿಂದ ಕಲಿತವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆಂದು ಒಂದು ಮಾತು ವಿಚಾರಿಸಲಿ. ಪೊಮೋನದ ಆ ಇಬ್ಬರು ಎಣಿಸಿದ್ದು ತಮ್ಮ ಸಣ್ಣ ಕಾಲೇಜಿನ ಹುಡುಗರಿಗೆ ಒಳ್ಳೆಯ ಪತ್ರಿಕೆ ಸಿಕ್ಕಲಿ ಎಂದು. ಅವರ ಎಣಿಕೆಯಿಂದಲೇ ಇಂದು ಸಣ್ಣ ಕಾಲೇಜಿನ ಮಾಸ್ತರನು ಸೊನ್ನೆಯಾಗಿ ಕಾಣುವಂತಾದರೆ, ತಪ್ಪು ಎಣಿಕೆಯದಲ್ಲ. ಓದುವ ಶ್ರಮವನ್ನು ಅದರ ತಲೆಯ ಮೇಲೆ ಹೊರಿಸಿದ ನಮ್ಮದು. ಮರತೂರಿನ ಆ ಒಂದು ಪುಸ್ತಕ ಬಾಳಿದ್ದು ಅದನ್ನು ಎಣಿಸಿದವರಿಂದಲ್ಲ. ಅದನ್ನು ಓದಿ, ವಾದಿಸಿ, ಬೇಕಾದಲ್ಲಿ ಒಪ್ಪಿ, ಮಗಳ ಪಾಲಿನ ಪ್ರಶ್ನೆ ಬಂದಾಗ ತಿದ್ದಿದವರಿಂದ.